ಊರು ದಾಟುವ ತನಕ ಬಿಚ್ಚದ ಬುತ್ತಿ

ಆ ಭಾನುವಾರ ನನಗೆ ರಜೆ. ಆದರೂ ನಸುಕಿನಲ್ಲೇ ಎಚ್ಚರವಾಯಿತು. ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಸಂಡೂರಿನಿಂದ ಗುಡ್ಡದ ಮೇಲಿನ ಗಣಿಗೆ ಕೆಲಸಗಾರರನ್ನು ಒಯ್ಯುವ ಬಸ್ಸಿನ ಡ್ರೈವರ್. ಮೊದಲ ಪಾಳಿಯ ಬಸ್ಸು ಕತ್ತಲಲ್ಲೇ ಹೊರಡುತ್ತದೆ. ಅಷ್ಟು ವರ್ಷ ಆ ಕೆಲಸ ಮಾಡಿದರೂ ನಮ್ಮ ಮನೆಯಲ್ಲಿ ಅಲಾರಂ ಇಟ್ಟ ನೆನಪಿಲ್ಲ. ಅವಳ ಕೈ ಹಿಟ್ಟಿನ ಮೇಲೆ ಬೀಳುವ ಸಪ್ಪಳಕ್ಕೇ ಏಳುತ್ತಿದ್ದೆ.

ಎದ್ದು ಹೋಗಿ ನೋಡಿದರೆ ಹಾಸಿದ ಬಿಳಿ ಪಂಜೆಯ ತುಂಬ ಎಳ್ಳು ಹಚ್ಚಿದ, ಒಣಗಿಸಿಡುವ ಕಟಕ ರೊಟ್ಟಿ. ಇನ್ನೂ ಬಡಿಯುತ್ತಲೇ ಇದ್ದಳು.

"ಇಷ್ಟ್ಯಾಕ ಬಡಿತಿ? ಮನ್ಯಾಗ ಮದುವಿ ಐತೇನು?"

"ಮಗಳು ಹಾಸ್ಟೆಲ್ಲಿಗೆ ಹೋಗ್ತಾಳ. ಅಲ್ಲೆ ಬರೇ ಅನ್ನ ತಿಂದು ಸೊರಗಿ ಕಡ್ಡಿ ಆಗ್ತಾಳ."

"ಸೀಟು ಬಂದಿಲ್ಲಲೇ."

"ಇನ್ನಾ ಇಲ್ಲ ಅಂದಾರ, ಬರಂಗಿಲ್ಲ ಅಂದಾರೇನು? ಬಸ್ ಬಂದಮ್ಯಾಲ ಗಂಟು ಕಟ್ಟಾಕ ಕುಂತ್ರ ನಿಲ್ಲಸ್ತಾರೇನು? ನೀವ ಹೇಳ್ರಿ, ಡ್ರೈವರ್ ಸಾಹೇಬ್ರ."

ಮಗಳು ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕಿದ್ದಳು. ದೂರದ ಜಿಲ್ಲೆಯ ಕಾಲೇಜು, ಹೋದರೆ ಹಾಸ್ಟೆಲ್ಲಿನಲ್ಲೇ ಇರಬೇಕು. ಶನಿವಾರ ಮೊದಲ ಸುತ್ತಿನ ಪಟ್ಟಿ ಬಂದಿತ್ತು. ಅದರಲ್ಲಿ ಅವಳಿಗೆ ಸೀಟೂ ಇಲ್ಲ, ಇಲ್ಲ ಅನ್ನುವ ಮಾತೂ ಇಲ್ಲ. ಕಾಯುವ ಪಟ್ಟಿಗೆ ಹಾಕಿ ಮುಂದಿನ ಸುತ್ತಿಗೆ ದೂಡಿದ್ದರು. ಮಗಳು ಎಮ್ಮೆಯ ಹತ್ತಿರ ಹೋಗಿ ಬಹಳ ಹೊತ್ತು ಕೂತಿದ್ದಳು. ಅವಳವ್ವ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದಳು.

ಆ ದಿನ ಸಂಜೆಯ ಹೊತ್ತಿಗೆ ರೊಟ್ಟಿ ಒಣಗಿದವು. ಅವನ್ನು ಪಂಜೆಯಲ್ಲಿ ಕಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟು, ಮತ್ತೊಂದು ಗಂಟು ಹಾಕಿದಳು. ನಾನು ಒಂದು ರೊಟ್ಟಿ ಮುರಿಯಲು ಹೋದರೆ ಕೈಗೆ ಹೊಡೆದಳು. "ನಿಮಗ ನಾಳಿ ಬಿಸಿದು ಬಡಿತೀನಿ," ಅಂದಳು.

ಮರುದಿನ ನಾನು ಗುಡ್ಡದ ಮೇಲೆ ಪಾಳಿಯ ಬಸ್ಸು ನಿಲ್ಲಿಸಿಕೊಂಡಿದ್ದಾಗ ಮಗಳ ಫೋನು ಬಂತು. ಎಮ್ಮೆಗೆ ಮೇವು ಹಾಕಲು ಹೋದ ಅವ್ವ ಎದೆ ಹಿಡಿದುಕೊಂಡು ಕುಳಿತಿದ್ದಾಳೆ, ಪಕ್ಕದ ಮನೆಯವರ ಗಾಡಿಯಲ್ಲಿ ಹೊಸಪೇಟೆಗೆ ಒಯ್ಯುತ್ತಿದ್ದೇವೆ ಎಂದಳು. ನಾನು ಡ್ಯೂಟಿಯ ಅಂಗಿಯಲ್ಲೇ ಆಸ್ಪತ್ರೆ ಮುಟ್ಟಿದೆ. ಅಷ್ಟರಲ್ಲಿ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ನನ್ನ ಅಕ್ಕ ಮನೆಯ ಸ್ವಚ್ಛತೆಗೆ ನಿಂತಳು. ಅಕ್ಕನಿರುವುದು ಕುರೆಕುಪ್ಪದಲ್ಲಿ, ಮಗನ ಮನೆಯಲ್ಲಿ. ಗಂಡ ಹೋಗಿ ಬಹಳ ವರ್ಷವಾಯಿತು. ಇಂಥ ಹೊತ್ತಿನಲ್ಲಿ ಏನು ಇಡಬೇಕು, ಏನು ಚೆಲ್ಲಬೇಕು ಅನ್ನುವುದು ಅವಳಿಗೇ ಗೊತ್ತು ಎಂದು ನಮ್ಮ ಬಳಗದಲ್ಲಿ ನಂಬಿಕೆ. ಸಾವಾದ ಮನೆಯಲ್ಲಿ ಮೊದಲೇ ಬೇಯಿಸಿದ್ದು, ತುಂಬಿಟ್ಟ ನೀರು, ಎಲ್ಲ ಹೊರಗೆ ಹೋಗಬೇಕು. ಕೊಡ ಬರಿದು ಮಾಡಿದಳು, ಹಾಲು ಚೆಲ್ಲಿದಳು. ಕೊನೆಗೆ ಆ ಗಂಟಿಗೆ ಕೈ ಹಾಕಿದಳು.

ನಮ್ಮ ಚಿಕ್ಕಪ್ಪ ಕಟ್ಟೆಯ ಮೇಲಿನಿಂದಲೇ ಅಂದರು: "ನಾವು ಲಿಂಗ ಕಟ್ಟಿದವರು. ನಮಗ ಎಲ್ಲೀ ಸೂತಕ? ಇಡು ಅದನ್ನ."

"ಸೂತಕಿಲ್ಲ ಅಂತ ಈಗ ಹೇಳ್ತಿ. ನಿಮ್ಮವ್ವ ಹೋದಾಗ ಮಜ್ಜಿಗಿ ಗಡಿಗಿ ತಿಪ್ಪಿಗೆ ಒಯ್ದು ಒಡದವ ಯಾರು?" ಅಂದಳು ಅಕ್ಕ.

"ಅದು ಹುಳಿ ಬಂದಿತ್ತು."

"ನಿನ್ನ ಮಾತು ಹುಳಿ ಬಂದೈತಿ, ಕುಂದ್ರು ಸುಮ್ನ."

ಅಳುತ್ತಿದ್ದವರಲ್ಲಿ ಒಂದಿಬ್ಬರು ನಕ್ಕರು. ಮಗಳು ನಗಲಿಲ್ಲ. ಎದ್ದು ಬಂದು ಗಂಟಿನ ಇನ್ನೊಂದು ತುದಿ ಹಿಡಿದಳು.

"ಅತ್ತಿ, ಇದು ಮನಿ ಅಡಿಗಿ ಅಲ್ಲ. ನನ್ನ ಬುತ್ತಿ. ನಾ ಊರಿಗೆ ಹೊಂಟಾಕಿ."

ಅಕ್ಕ ಅವಳ ಮುಖ ನೋಡಿದಳು. ಪ್ರಯಾಣಕ್ಕೆ ಕಟ್ಟಿದ ಬುತ್ತಿಯನ್ನು ಯಾರೂ ಎಸೆಯುವುದಿಲ್ಲ. ಅದು ಮನೆಯದಲ್ಲ, ಹೋಗುವವರದು. ಅಕ್ಕ ಕೈ ಬಿಟ್ಟಳು. ಆದರೆ ಸುಮ್ಮನೆ ಸೋಲುವವಳಲ್ಲ.

"ಬುತ್ತಿ ಅಂದಿ. ಹಂಗಾರ ಊರು ದಾಟೋತನಕ ಬಿಚ್ಚಂಗಿಲ್ಲ. ನಡುವ ಬಿಚ್ಚಿದ್ರ ಅಡಿಗಿ ಆಗತೈತಿ, ನಾನ ಚೆಲ್ಲತೀನಿ."

"ಬಿಚ್ಚಂಗಿಲ್ಲ," ಅಂದಳು ಮಗಳು.

ಗಂಟು ನಡುಮನೆಯ ತೊಲೆಯ ಕೊಂಡಿಗೆ ಏರಿತು. ಅದರ ಕೆಳಗೆ ನಾವು ಕಾಯಲು ಶುರು ಮಾಡಿದೆವು.

ಎರಡನೆಯ ಸುತ್ತಿನ ದಿನ ಗೊತ್ತಾಗಿತ್ತು. ಆಮೇಲೆ ಅದು ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಏಕೆ ಎಂದು ಕೇಳಲು ಯಾರಿಗೆ ಫೋನು ಮಾಡಬೇಕೋ ನನಗೆ ತಿಳಿಯದು. ನಾನು ಓದಿದ್ದು ಹತ್ತನೆಯವರೆಗೆ. ಪಾಳಿಯ ನಡುವೆ ಬಸ್ಸಿನಲ್ಲಿ ಕೂತು ಮೊಬೈಲು ತೆಗೆದು, ಮಗಳು ತೋರಿಸಿಕೊಟ್ಟ ಪುಟವನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಹಿಂದಿನ ಸೀಟಿನವರು ಬಿಡುತ್ತಿರಲಿಲ್ಲ.

"ಡ್ರೈವರಣ್ಣ, ಮಗಳು ದನದ ಡಾಕ್ಟರ್ ಆಗ್ತಾಳಂತಲ್ಲ, ಮೊದಲನೇ ಸೂಜಿ ನಮ್ಮ ಸೂಪರ್ವೈಸರ್‌ಗ ಹಾಕಿಸು."

"ಅವನಿಗೆ ಸೂಜಿ ನಾಟಂಗಿಲ್ಲೋ, ಚರ್ಮ ದಪ್ಪ."

ನಗಿಸಲೆಂದೇ ಅವರು ಹಾಗೆ ಮಾತಾಡುತ್ತಿದ್ದರು. ಬಸ್ಸು ಇಳಿಯುವಾಗ ಮಾತ್ರ ಒಬ್ಬೊಬ್ಬರೂ ಮೆಲ್ಲಗೆ ಕೇಳುವರು: "ಬಂತೇನಣ್ಣ?" ಇಲ್ಲ ಅನ್ನುವುದು ಮೊದಮೊದಲು ಕಷ್ಟವಾಗುತ್ತಿತ್ತು. ಆಮೇಲೆ "ಇನ್ನಾ ಇಲ್ಲ" ಅನ್ನುವುದನ್ನು ಕಲಿತೆ. ಅದು ಹೆಂಡತಿಯ ಮಾತು.

ಮಗಳು ಮಾತ್ರ ಕೈ ಕಟ್ಟಿ ಕೂರಲಿಲ್ಲ. ನಸುಕಿಗೆ ಎಮ್ಮೆ ಹಿಂಡಿ, ಹೊಸಪೇಟೆಯ ಡಿಗ್ರಿ ಕಾಲೇಜಿಗೆ ಹೆಸರು ಹಚ್ಚಿ, ದಿನವೂ ಬಸ್ಸಿಗೆ ಓಡಾಡಿದಳು. "ಬಂದ್ರ ಬಿಟ್ಟು ಹೋಗ್ತೀನಿ, ಬರಲಿಲ್ಲಂದ್ರ ವರ್ಷ ಖಾಲಿ ಹೋಗಬಾರದಲ್ಲಪ್ಪ," ಅಂದಳು. ಒಂದು ದಿನ ತಮಾಷೆಗೆ ಅಕ್ಕನನ್ನು ಕೆಣಕಿದಳು: "ಅತ್ತಿ, ದಿನಾ ಊರು ದಾಟಾಕತ್ತೀನಿ, ಬಿಚ್ಚಲೇನು?"

"ಸಂಜಿಗೆ ಹೊಳ್ಳಿ ಬರಾಕಿ ಊರು ದಾಟಿದಂಗಲ್ಲ. ಕಾನೂನು ಹೇಳಬ್ಯಾಡ ನನಗ."

ಅಕ್ಕ ಕುರೆಕುಪ್ಪಕ್ಕೆ ವಾಪಸು ಹೋಗಿರಲಿಲ್ಲ. ನಮ್ಮಿಬ್ಬರಿಗೆ ಅಡುಗೆ ಮಾಡುವವರಿಲ್ಲ ಎಂದು ಉಳಿದಿದ್ದಳು. ಒಂದು ದಿನ ಪಾಳಿ ಮುಗಿಸಿ ಬಂದರೆ ಕೊಂಡಿ ಖಾಲಿ. ಹಿತ್ತಲಿಗೆ ಓಡಿದೆ. ಅಕ್ಕ ಗಂಟನ್ನು ಮಂಚದ ಮೇಲೆ ಬಿಸಿಲಿಗಿಟ್ಟು, ಕೋಲು ಹಿಡಿದು ಪಕ್ಕದಲ್ಲಿ ಕೂತಿದ್ದಳು.

"ಬಿಚ್ಚಿಲ್ಲೋ ತಮ್ಮಾ. ಮಳಿ ಥಂಡಿ ಹಿಡದೈತಿ ಅಂತ ಬಿಸಲಿಗೆ ಇಟ್ಟೀನಿ." ಚೆಲ್ಲುತ್ತೇನೆ ಎಂದವಳೇ ಕಾಗೆ ಓಡಿಸುತ್ತ ಕೂತಿದ್ದಳು.

ನಡುವೆ ಕಂಪ್ಲಿಯಿಂದ ಒಂದು ಸುದ್ದಿ ಬಂತು. ನನ್ನ ಹೆಂಡತಿಯ ತವರು ಅದು. ಅವಳ ತಂಗಿ ಅಲ್ಲಿಯೇ ಇದ್ದಾಳೆ. ರಜೆಯ ದಿನ ಮಗಳು ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಅವರ ಎಮ್ಮೆಗೆ ಹೆರಿಗೆ ನೋವು ಬಂದು ಕರು ಅಡ್ಡ ಸಿಕ್ಕಿತ್ತಂತೆ. ಮನೆಯ ಗಂಡಸರು ಎಳೆದುಬಿಡೋಣ ಎಂದು ಹಗ್ಗ ತಂದರೆ ಇವಳು ಅಡ್ಡ ನಿಂತು, ಡಾಕ್ಟರಿಗೆ ಫೋನು ಹಚ್ಚಿ, ಅವರು ಬರುವ ತನಕ ಯಾರೂ ಮುಟ್ಟದಂತೆ ಎಮ್ಮೆಯ ಮೈ ಸವರುತ್ತ ಕೂತಳಂತೆ. ಡಾಕ್ಟರು ಬಂದು ಕರು ತಿರುಗಿಸಿ ತೆಗೆದರು. ತಾಯಿ, ಕರು ಎರಡೂ ಉಳಿದವು.

"ಯಾವ ಕಾಲೇಜವ್ವ ನೀನು?" ಎಂದು ಕೇಳಿದರಂತೆ.

"ಇನ್ನಾ ಕಾಯಾಕತ್ತೀನ್ರಿ ಸರ್."

"ಕಾಯಿ, ಕಾಯಿ. ನಮ್ಮ ಕೆಲಸದಾಗ ಅರ್ಧ ಕಾಯೋದ ಐತಿ."

ನಾದಿನಿ ಇದನ್ನು ಫೋನಿನಲ್ಲಿ ಹೇಳುವಾಗ ಅತ್ತಳು. ನಾನು ಮರುದಿನ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ. ಗುಡ್ಡದ ಬುಡದಿಂದ ಶುರು ಮಾಡಿ ಗಣಿಯ ಗೇಟು ಬರುವ ತನಕ ಹೇಳಿದೆ. ಸೀಟು ಬಂದಿದ್ದರೆ ಅಷ್ಟು ಹೇಳುತ್ತಿದ್ದೆನೋ ಇಲ್ಲವೋ. ಯಾವ ಪಟ್ಟಿಯೂ ಕೊಡದ ಒಂದು ದೊಡ್ಡಸ್ತಿಕೆಯನ್ನು ಅವಳು ನನಗೆ ಕೊಟ್ಟಿದ್ದಳು.

ಎರಡನೆಯ ಸುತ್ತಿನ ಪಟ್ಟಿ ಕಡೆಗೂ ಬಂತು. ಮತ್ತೆ ಅದೇ: ಸೀಟಿಲ್ಲ, ಮುಂದಿನ ಸುತ್ತಿಗೆ ಕಾಯಿರಿ. ಆ ವಾರವೆಲ್ಲ ಸಂಡೂರಿನಲ್ಲಿ ಮಳೆ. ಕೊಂಡಿಯಲ್ಲಿ ತೂಗುವ ಗಂಟಿನ ಒಂದು ಕಡೆ ತೇವ ಕಂಡಿತು. ಅಕ್ಕ ಮುಟ್ಟಿ ನೋಡಿದಳು. ಇನ್ನೊಂದು ಸುತ್ತಿನ ತನಕ ರೊಟ್ಟಿ ಉಳಿಯುವುದಿಲ್ಲ ಎಂಬುದು ಮೂವರಿಗೂ ಗೊತ್ತಾಯಿತು. ಬೂಷ್ಟು ಬಂದರೆ ತಿಪ್ಪೆಗೇ. ಹೆಂಡತಿಯ ಕೈಯವು ಅಂತ ಉಳಿದದ್ದು ಅವಷ್ಟೇ.

ಮಗಳೇ ಬಾಯಿ ಬಿಟ್ಟಳು: "ಅತ್ತಿ, ಅವ್ವ ಇವನ್ನ ಕಾಲೇಜಿಗೆ ಬಡದಿಲ್ಲ. ನನಗ ಬಡದಾಳ. ಸೀಟು ಬರಲಿಲ್ಲಂದ್ರೂ ತಿನ್ನಾಕ ನಾ ಅದೀನಲ್ಲ."

ಅಕ್ಕ ನನ್ನ ಕಡೆ ತಿರುಗಿ, "ಭಾನುವಾರ ಹಂಪಿಗೆ ಹೋಗೂಣು. ಆಕಿ ವರ್ಷಾ ಒಯ್ತಿದ್ಲಲ್ಲ," ಅಂದಳು.

ಹೌದು, ಹೆಂಡತಿ ಪ್ರತಿ ವರ್ಷ ಒಂದು ಸಲ ಬುತ್ತಿ ಕಟ್ಟಿಕೊಂಡು ಹಂಪಿಯ ಹೊಳೆ ದಂಡೆಗೆ ನಮ್ಮನ್ನು ಒಯ್ಯುತ್ತಿದ್ದಳು. ಗುಡಿ ನೋಡುವುದಕ್ಕಿಂತ ಬಂಡೆಯ ನೆರಳಲ್ಲಿ ಕೂತು ಉಣ್ಣುವುದೇ ಹೆಚ್ಚು.

ಹೊಸಪೇಟೆ ಬಸ್ಸಿನಲ್ಲಿ ಅಕ್ಕ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಳು. ಕಂಡಕ್ಟರ್ ಹೇಳಿದ: "ಅಜ್ಜಿ, ಗಂಟು ಮ್ಯಾಲಿಡ್ರಿ, ರಶ್ ಐತಿ."

"ನಂದು ಫ್ರೀ ಟಿಕೆಟ್. ನನ್ನ ತೊಡಿಮ್ಯಾಗ ಇರೋದೂ ಫ್ರೀ. ನೀ ಮುಂದ ಹೋಗಪ್ಪ."

ಊರಿನ ಕೊನೆಯ ಮನೆ ಹಿಂದೆ ಸರಿಯಿತು. ಬಸ್ಸು ಗುಡ್ಡದ ತಿರುವು ಹಿಡಿಯಿತು. ಅಕ್ಕ ಗಂಟಿನ ಮೇಲೆ ಕೈಯಾಡಿಸುತ್ತಿದ್ದಳು. ಹಂಪಿ ಇನ್ನೂ ದೂರವಿತ್ತು.

"ಊರು ದಾಟ್ತಲ್ಲ. ಬಿಚ್ಚವ್ವ," ಅಂದಳು.

"ಸಂಜಿಗೆ ಹೊಳ್ಳಿ ಬರ್ತೀವಲ್ಲ ಅತ್ತಿ?"

"ಮೊದ್ಲು ಬಿಚ್ಚು. ನನಗ ತಡ್ಯಾಕ ಆಗವಲ್ದು."

ಮಗಳು ಗಂಟು ಬಿಚ್ಚಿದಳು. ಒಂದು ಅಂಚಿನವು ಮೆತ್ತಗಾಗಿದ್ದವು. ಉಳಿದವು ಹಾಗೇ ಇದ್ದವು, ತೆಳ್ಳಗೆ, ಗುಂಡಗೆ, ಎಳ್ಳು ಸಮೇತ. ಮುರಿದಾಗ ಸಪ್ಪಳ ಬಂತು. ನಾವು ಮೂವರೂ ತಿಂದೆವು. ಮುಂದಿನ ಸೀಟಿನ ಮಗುವಿಗೆ ಒಂದು ತುಂಡು ಹೋಯಿತು, ಕಂಡಕ್ಟರನಿಗೂ ಹೋಯಿತು. ಮಿಕ್ಕವನ್ನು ಹೊಳೆ ದಂಡೆಯಲ್ಲಿ ಚಟ್ನಿಪುಡಿಗೆ ಎಣ್ಣೆ ಹಾಕಿಕೊಂಡು ಮುಗಿಸಿದೆವು. ಹರಗೋಲಿನ ಮುದುಕನೊಬ್ಬ ಬಂದು ಕೂತು, "ಯಾರ ಕೈ ರೊಟ್ಟೀರಿ ಇವು? ಮಸ್ತ್ ಅದಾವು," ಅಂದ.

"ನಮ್ಮವ್ವನವು," ಅಂದಳು ಮಗಳು. ತಲೆ ಎತ್ತಿಯೇ ಹೇಳಿದಳು.

ಕೊನೆಯ ಸುತ್ತಿನಲ್ಲಿ ಸೀಟು ಬಂತು. ಎಲ್ಲರೂ ಕೈ ಬಿಟ್ಟ ಮೇಲೆ ಬಂತು. ಬಸ್ಸಿನವರು ಪೇಡೆ ಹಂಚಿದರು, ನನಗೆ ಹಂಚಲು ಬಿಡಲಿಲ್ಲ. ಅಕ್ಕ ಹೊಸ ಬುತ್ತಿಗೆ ಕೂತಳು. ಅವಳ ಕೈ ಈಗ ನಡುಗುತ್ತದೆ. ಅವಳು ಹಿಟ್ಟು ನಾದಿದಳು, ಮಗಳು ಬಡಿದಳು, ಬೇಯಿಸಿದವನು ನಾನು. ಒಂದೂ ಗುಂಡಗಾಗಲಿಲ್ಲ. "ಇವನ್ನ ನೋಡಿ ಹಾಸ್ಟೆಲ್ಲಿನವರು ಯಾವ ದೇಶದ ನಕಾಶಿ ತಂದೀ ಅಂತಾರ," ಎಂದು ಮಗಳು ನಕ್ಕಳು. ಆದರೂ ಒಂದನ್ನೂ ಬಿಡದೆ ಕಟ್ಟಿಕೊಂಡು ಹೋದಳು. ಕಾಲೇಜಿನ ಗೇಟಿನಲ್ಲಿ ಅವಳ ಪೆಟ್ಟಿಗೆ ಇಳಿಸುವಾಗ, ಇವಳು ನನ್ನ ಮಗಳು ಎಂದು ಅಲ್ಲಿ ನಿಂತ ವಾಚ್‌ಮನ್ನಿಗೆ ಅವನು ಕೇಳದಿದ್ದರೂ ಹೇಳಿದೆ.

ಈಗ ರಜೆಗೆ ಬಂದಾಗ ನಮ್ಮ ಎಮ್ಮೆಯ ಕಿವಿ, ಕೆಚ್ಚಲು ನೋಡಿ ನನಗೆ ಬೈಯುತ್ತಾಳೆ. ಅಕ್ಕ ಇಲ್ಲಿಯೇ ಇದ್ದಾಳೆ. ಅಂಗಡಿಯಲ್ಲಿ ರೊಟ್ಟಿ ಸಿಗುತ್ತವೆ, ತರುತ್ತೇನೆ. ಮೊದಲ ಪಾಳಿಗೆ ಎಬ್ಬಿಸಲು ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ. ನಸುಕಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಇಲ್ಲ.