ನಡುಮನೆಯಲ್ಲಿ ಓಡಿದ ರೈಲು

ಗಂಡಸರಿಗೆ ಬೆಟ್ಟ ಮಾಡುವ ಹುಚ್ಚು ಹಿಡಿದರೆ ಮನೆಯಲ್ಲಿ ಒಂದು ಗೋಣಿಚೀಲವೂ ಉಳಿಯುವುದಿಲ್ಲ. ಇದು ನಾನು ಯಾರಿಂದಲೋ ಕೇಳಿದ ಮಾತಲ್ಲ, ಅನುಭವಿಸಿದ್ದು. ನಮ್ಮ ಯಜಮಾನರು ಶಿರಸ್ತೇದಾರಿಕೆಯಿಂದ ರಿಟೈರಾಗಿ ನಂಜನಗೂಡಿನ ಮನೆಗೆ ಬಂದು ಕೂತ ವರ್ಷ, ನವರಾತ್ರಿಗೆ ಮುಂಚೆ, ನಮ್ಮ ನಡುಮನೆಯಲ್ಲಿ ಬೆಟ್ಟಗಳು ಏಳತೊಡಗಿದವು. ಒಳಗೆ ಒಣಹುಲ್ಲು, ಮೇಲೆ ನನ್ನ ರಾಗಿ ಚೀಲ, ಅದರ ಮೇಲೆ ಕೆರೆಮಣ್ಣು. ಬಿಸಿಲಿನ ಬಣ್ಣ ಬರಲೆಂದು ಅರಿಶಿನಕ್ಕೆ ಸುಣ್ಣ ಬೆರೆಸಿ ಬಳಿದರು. ಹಾಗೆ ಬೆರೆಸಿದರೆ ಕೆಂಪು ಓಕುಳಿಯಾಗುತ್ತದೆಂದು ಆರತಿ ಎತ್ತಿದ ಯಾವ ಹೆಂಗಸಿಗಾದರೂ ಗೊತ್ತು. ಬೆಟ್ಟ ರಕ್ತದ ಮಡುವಿನಿಂದ ಎದ್ದಂತೆ ನಿಂತಿತು. ಅದನ್ನು ಸಂಜೆಗೆಂಪು ಎಂದು ಕರೆದು ಅವರು ಮಾನ ಉಳಿಸಿಕೊಂಡರು.

ಇಷ್ಟೆಲ್ಲ ಒಂದು ತಗಡಿನ ರೈಲಿಗಾಗಿ. ಬೆಂಗಳೂರು ದಂಡಿನ ಅಂಗಡಿಯಲ್ಲಿ ಕೊಂಡದ್ದು. ಕೀಲಿ ಕೊಟ್ಟರೆ ಗರಗರ ಓಡಿ, ಕೀಲಿ ಇಳಿದಲ್ಲಿ ನಿಲ್ಲುತ್ತಿತ್ತು. ಆಟದ ಸಾಮಾನನ್ನು ಆಟಕ್ಕೆ ಬಿಟ್ಟರಾಗದೆ? ರೈಲಿಗೆ ದೇಶ ಬೇಕಂತೆ. ಪಟ್ಟದ ಬೊಂಬೆಗಳು ಕೂರಬೇಕಾದ ಜಾಗದಲ್ಲಿ ದೇಶ ಹುಟ್ಟಿತು. ನನ್ನ ಮುಖ ನೋಡುವ ಕನ್ನಡಿ ಕಪಿಲೆ ಹೊಳೆಯಾಯಿತು. ಒಡೆದ ಬಳೆಯ ಕೆಂಪು ಹಸಿರು ಚೂರುಗಳ ಹಿಂದೆ ಬತ್ತಿ ಹಚ್ಚಿದರೆ ಅದು ಸಿಗ್ನಲ್ಲು. ಬೊಂಬೆಹಬ್ಬಕ್ಕೆಂದು ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರನ್ನೇ ಗದ್ದೆ ಎಂದು ಹಾಸಿದರು. ರಾಗಿಗೆ ಇವರ ಅಳತೆ ಯಾರು ಹೇಳಬೇಕು? ಅದು ದಿನದಿನಕ್ಕೂ ಬೆಳೆದು ಬೆಂಡಿನಲ್ಲಿ ಕೊರೆದ ನಮ್ಮೂರ ಗುಡಿಗೋಪುರದ ಕಳಶವನ್ನು ಮುಟ್ಟಿತು. ಯಜಮಾನರು ಕತ್ತರಿ ಹಿಡಿದು, ಬೆಳಗ್ಗೆ ಬೆಳಗ್ಗೆ ಬೋರಲು ಮಲಗಿ ಗದ್ದೆ ಕತ್ತರಿಸುತ್ತಿದ್ದರು. ಜಿಲ್ಲೆಯ ಕಂದಾಯ ಕಂಡ ಕಣ್ಣು, ಈಗ ಇಷ್ಟಕ್ಕಿಳಿದಿತ್ತು.

ಪುರಾಣದಲ್ಲಿ ಸಿಟ್ಟಿಗೆದ್ದ ಋಷಿಯೊಬ್ಬ ಇರುವ ಸ್ವರ್ಗ ಸಾಲದೆಂದು ಬೇರೆ ಸ್ವರ್ಗವನ್ನೇ ಕಟ್ಟಿದನಂತೆ. ಪ್ರಪಂಚದಲ್ಲಿ ಮಾಡಲಾಗದ್ದನ್ನು ಪಕ್ಕದಲ್ಲಿ ಇನ್ನೊಂದು ಪ್ರಪಂಚ ಮಾಡಿ ತೀರಿಸಿಕೊಳ್ಳುವುದು ಗಂಡಸರ ಹಳೆಯ ಚಾಳಿ. ನಮ್ಮವರ ರೈಲು ಹೋಗುತ್ತಿದ್ದದ್ದು ಎಲ್ಲಿಗೆ ಗೊತ್ತೆ? ತಿರುಮಕೂಡಲು ನರಸೀಪುರಕ್ಕೆ. ನಿಜವಾದ ನರಸೀಪುರಕ್ಕೆ ರೈಲೇ ಇಲ್ಲ. ಎತ್ತಿನ ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು ಹೋಗಬೇಕು. ಕತ್ತಲಾದರೆ ಆ ದಾರಿಗೆ ಯಾರೂ ಗಾಡಿ ಕಟ್ಟುವುದಿಲ್ಲ. ಅಲ್ಲಿಗೇ ಹಿಂದಿನ ಬೇಸಿಗೆಯಲ್ಲಿ ನಮ್ಮ ಒಬ್ಬಳೇ ಮಗಳು ನಾಗುವನ್ನು ಕೊಟ್ಟಿದ್ದೆವು.

ಮದುವೆಯಾದ ಮೊದಲ ನವರಾತ್ರಿಗೆ ಹುಡುಗಿ ತವರಿಗೆ ಬರಬೇಕು. ಆದರೆ ತವರಿನವರು ಹೋಗಿ ಕರೆಯದೆ ಯಾವ ಬೀಗರೂ ಕಳಿಸುವುದಿಲ್ಲ. ಅದು ಪದ್ಧತಿ. ಇವರೋ ಹೋಗಲೊಲ್ಲರು. ಮದುವೆಯ ಊಟದಲ್ಲಿ ಬೀಗರು ಹುಳಿಗೆ ಉಪ್ಪು ಸಾಲದು ಎಂದುಬಿಟ್ಟಿದ್ದರು. ಸಾಲದ್ದು ನಿಜವೇ, ನಾನೂ ತಿಂದಿದ್ದೆ. ಆದರೆ ಆ ಮಾತು ಇವರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಮಗಳನ್ನು ತರಲು ಗಾಡಿ ಕಟ್ಟಿಸಿ ಎಂದರೆ ಈ ಮಹರಾಯರು ರೈಲು ಕಟ್ಟಿಸಿದರು. ಕೂಸು ಬಾಗಿಲು ನೋಡುತ್ತ ಅಲ್ಲಿ ಕೂತಿರುತ್ತಾಳೆ, ಇಲ್ಲಿ ಅವಳ ಅಪ್ಪ ಕನ್ನಡಿಗೆ ಸೇತುವೆ ಹಾಕುತ್ತಿದ್ದಾರೆ!

ದೀಪದ ಮರುಳು ಹತ್ತಿದ್ದು ಮೈಸೂರಿನಲ್ಲಿ ಹೊಸದಾಗಿ ಬಂದ ಎಲೆಕ್ಟ್ರಿಕ್ ದೀಪ ನೋಡಿ ಬಂದ ಮೇಲೆ. ನಮ್ಮೂರಿಗೆ ಅದು ಬಂದಿರಲಿಲ್ಲ; ಹಣತೆಯೇ ಗತಿ. ಮಣ್ಣಿನ ಪುಟ್ಟ ಮನೆಗಳನ್ನು ಮಾಡಿ ಒಂದೊಂದರೊಳಗೂ ಹಣತೆ ಇಟ್ಟರು. ನರಸೀಪುರದ ಕೊನೆಯಲ್ಲಿ ಬೀಗರ ಮನೆ. ಅದನ್ನು ಮಾತ್ರ ರಟ್ಟಿನಿಂದ ಮಾಡಿದರು. ಮಹಡಿ, ಕಂಬ, ಕಿಟಕಿಗೆ ಕಡ್ಡಿಯ ಸರಳು, ನಾಗು ಕೂರುತ್ತಾಳೆಂದು ಹಿತ್ತಿಲಲ್ಲಿ ಒಂದು ಕಲ್ಲು ಸಹ. ಬೈದುಕೊಳ್ಳುವ ಬೀಗರ ಮನೆಗೆ ಇಷ್ಟೇಕೆ ಎಂದರೆ ಕಿಟಕಿಗೆ ಇನ್ನೊಂದು ಸರಳು ಅಂಟಿಸಿದರು. ಆದರೆ ರಟ್ಟಿನ ಮನೆಯಲ್ಲಿ ದೀಪ ಇಟ್ಟರೆ ಸುಟ್ಟುಹೋಗುತ್ತದಲ್ಲ, ಆದ್ದರಿಂದ ಅದೊಂದನ್ನು ಕತ್ತಲೆಯಲ್ಲಿಟ್ಟರು.

ಊರೆಲ್ಲ ಬಂದು ನೋಡಿತು. ನಾನು ಎಲ್ಲರಿಗೂ ಅರಿಶಿನ ಕುಂಕುಮ, ಚರಪಿನ ತಿಂಡಿ ಕೊಟ್ಟು ಕಳಿಸಿದೆ. ರೈಲಿನ ಬಗ್ಗೆ ಒಂದು ಒಳ್ಳೆಯ ಮಾತೂ ಆಡಲಿಲ್ಲ. ಬಂದವರಲ್ಲಿ ಹೆಡತಲೆ ಊರಿನ ಗಾಡಿ ಸಿದ್ದನೂ ಒಬ್ಬ. ನರಸೀಪುರಕ್ಕೆ ಬಾಡಿಗೆ ಹೊಡೆಯುವವನು. ಅವನು ಹೋಗಿ ಬೀಗರಿಗೆ ಹೇಳಿದ್ದನ್ನು ಆಮೇಲೆ ನನ್ನೆದುರೇ ಒಪ್ಪಿಕೊಂಡ: "ಎಲ್ಲಾರ ಮನೇಲೂ ದೀಪ ಅವೆ, ನಿಮ್ಮನೇಲಿ ಮಾತ್ರ ಕತ್ಲೆ ಸಾ, ಅಂದೆ. ಕಂಡಿದ್ದ ಏಳ್ದೆ ಕಣಮ್ಮಾ."

ನವರಾತ್ರಿಯಲ್ಲಿ ಒಂದು ಮನೆಯನ್ನು ಕತ್ತಲೆಯಲ್ಲಿ ತೋರಿಸುವುದೆಂದರೆ ಶಾಪ ಹಾಕಿದ ಹಾಗೆ. ಬೀಗರು ಅದೇ ಗಾಡಿ ಕಟ್ಟಿಸಿಕೊಂಡು ಹೊರಟೇಬಿಟ್ಟರು. ತಮ್ಮ ಮನೆಯಲ್ಲೂ ದೀಪ ಉರಿಯುತ್ತದೆಂಬುದಕ್ಕೆ ಸಾಕ್ಷಿ ಇರಲೆಂದು ಸೊಸೆಯನ್ನೂ ಕೂರಿಸಿಕೊಂಡರು. ನಮ್ಮ ಬಾಗಿಲಲ್ಲಿ ಇಳಿದವರು ಕಾಲಿಗೆ ನೀರನ್ನೂ ಮುಟ್ಟಿಸಲಿಲ್ಲ; ದೀಪದ ವಿಷಯ ಇತ್ಯರ್ಥ ಮಾಡಿ ಬೆಳಕಿದ್ದಾಗಲೇ ಸೊಸೆಯೊಡನೆ ಹಿಂದಿರುಗುತ್ತೇನೆ ಎಂದರು. ನಾಗು ಅವರ ಹಿಂದೆ ನಿಂತಿದ್ದಳು, ಸೊರಗಿದ್ದಳು. ನನಗೆ ಮುಟ್ಟಲೂ ಧೈರ್ಯವಾಗಲಿಲ್ಲ.

ಬೀಗರು ರಟ್ಟಿನ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಿಟಕಿಯೊಳಗೆ ಇಣುಕಿದರು. "ನಮ್ಮನೇಲಿ ದೀಪ ಹಚ್ಚೋರು ಇಲ್ವೇನ್ರೀ?" ಎಂದರು.

ಹಚ್ಚಿದರೆ ಸುಡುತ್ತದೆ ಎಂದು ನಮ್ಮವರು ಹೇಳಬಹುದಿತ್ತು, ಕ್ಷಮಿಸಿ ಎನ್ನಬಹುದಿತ್ತು, ಎರಡೂ ಅವರಿಂದಾಗದು. ಕೈ ಚಾಚಿ, ಅಷ್ಟು ದಿನ ಕೂತು ಅಂಟಿಸಿದ ಮಹಡಿಯನ್ನು, ಮಾಡಿನ ಸಮೇತ ಪರ್ರನೆ ಕಿತ್ತರು. ತೆರೆದ ಅಂಗಳದಲ್ಲಿ ಹಣತೆ ಇಟ್ಟು ಹಚ್ಚಿದರು.

ಬೀಗರು ಕಿತ್ತ ಮಾಡನ್ನು ಎತ್ತಿ ತಿರುಗಿಸಿ ನೋಡಿದರು. "ಹೋಗ್ಲಿ ಬಿಡಿ," ಎಂದರು, "ನಮ್ಮ ಮಾಡೂ ಸೋರತ್ತೆ." ಆಮೇಲೆ, ಈ ರೈಲು ಸೇತುವೆ ಮೇಲೂ ಹೋಗುತ್ತೋ ಎಂದು ಕೇಳಿದರು.

ಅಷ್ಟೇ. ನಿಜವಾದ ರಸ್ತೆಯಲ್ಲಿ ನೆಂಟರಾಗಿ ಒಬ್ಬರ ಮನೆಗೊಬ್ಬರು ಹೆಜ್ಜೆ ಇಡದ ಇಬ್ಬರು ಹಿರಿಯರು ಕನ್ನಡಿಯ ಹೊಳೆಯ ಆಚೆ ಈಚೆ ಪಂಚೆ ಕಟ್ಟಿ ಕೂತರು. ಒಬ್ಬರು ರೈಲು ಬಿಡುವುದು, ಇನ್ನೊಬ್ಬರು ಹಿಡಿಯುವುದು. ಹುಡುಗಿಯನ್ನು ಬಿಟ್ಟುಹೋಗುವ ಮಾತನ್ನು ಒಬ್ಬರೂ ಎತ್ತಲಿಲ್ಲ, ಕರೆದೊಯ್ಯುವ ಮಾತನ್ನೂ ಎತ್ತಲಿಲ್ಲ. ಇಂಥವರ ಕೈಯಲ್ಲಿ ನಮ್ಮ ಬಾಳು.

ನಾಗುವನ್ನು ಅಡುಗೆಮನೆಗೆ ಕರೆದು ಅನ್ನ ಬಡಿಸಿದೆ. ಅವಳು ತಲೆ ಎತ್ತದೆ ಉಣ್ಣುತ್ತಿದ್ದಾಗ ನಡುಮನೆಯ ಗರಗರ ಸದ್ದು ನಿಂತಿತು. ಬೀಗರು ಹೊರಗೆ ಇಣುಕಿ, ಇನ್ನೂ ಬೆಳಕಿದೆ, ಗಾಡಿ ಕಟ್ಟು ಎಂದು ಸಿದ್ದನನ್ನು ಕೂಗಿದ್ದು ಕೇಳಿಸಿತು. ನಾಗುವಿನ ಕೈ ಎಲೆಯ ಮೇಲೇ ನಿಂತಿತು.

ನಾನು ಸೌಟು ಅಲ್ಲೇ ಬಿಟ್ಟು ನಡುಮನೆಗೆ ಬಂದೆ. ಎಲ್ಲ ದೀಪಗಳಿಗೂ ತುಂಬ ಎಣ್ಣೆ ಹೊಯ್ದೆ. ಕತ್ತಲೆಯಾದ ಮೇಲೆ ನೋಡಿದರೇ ಇದರ ಚೆಂದ, ಅಲ್ಲಿಯವರೆಗೆ ಕೂತಿರಿ ಎಂದು ಬೀಗರಿಗೆ ಹೇಳಿ, ಆ ದರಿದ್ರ ರೈಲನ್ನು ಎತ್ತಿಕೊಂಡು, ತಿರುಗುವಷ್ಟೂ ಕೀಲಿ ಕೊಟ್ಟೆ.