ಅವಳ ಎರಡೂ ಕೈ ಹಿಡಿದಿದ್ದೆ

ಕಿವಿ ಕೇಳದ ನನ್ನ ಮೊಮ್ಮಗಳು ಇವತ್ತು ಕೈಸನ್ನೆಯಲ್ಲೇ ನನ್ನನ್ನು ಅಜ್ಜಿ ಅಂತ ಕರೆದಳು ಕಣ್ರೀ! ಕುಣಿದಾಡೋ ಹಂಗಾಯ್ತು. ಅವಳನ್ನು ನೋಡುತ್ತಾ, ಬೆಟ್ಟದಪುರದಲ್ಲಿ ನಮ್ಮ ಪಕ್ಕದಲ್ಲಿದ್ದ ಕುಂಬಾರರ ಮನೆ ಸೊಸೆ ನೆನಪಾದಳು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ನಾನು ಆಗಷ್ಟೇ ಮದುವೆಯಾಗಿ ಬಂದಿದ್ದೆ.

ಅವಳಿಗೂ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಮಿಕ್ಕವರು ಮಡಕೆ ತಟ್ಟಿ, ಸದ್ದು ಕೇಳಿ ಬಿರುಕು ಕಂಡುಹಿಡಿದರೆ, ಅವಳು ತಟ್ಟಿ, ಅಂಗೈಯಿಟ್ಟು ಅದುರು ನೋಡಿಯೇ ಹೇಳಿಬಿಡುತ್ತಿದ್ದಳು. ಯಾರಾದರೂ ಅಯ್ಯೋ ಪಾಪ ಅಂದರೆ ಎದೆ ಮುಟ್ಟಿಕೊಂಡು ಕೈ ತಿರುವುತ್ತಿದ್ದಳು: ನನಗೇನಾಗಿದೆ?

ಒಂದು ಬೆಳಿಗ್ಗೆ ಅವಳ ಅತ್ತೆ ರಾವಂದೂರಿನಿಂದ ನಾಟಿ ಪಂಡಿತನನ್ನು ಕರೆಸಿದಳು. ಕಿವಿಗೆ ಬಿಡೋಕೆ ಒಲೆ ಮೇಲೆ ಎಣ್ಣೆ ಕಾಯುತ್ತಿತ್ತು.

"ಅವ್ಳ ಕೈ ಒಸಿ ಹಿಡ್ಕೊಳವ್ವ. ನನ್ ಸೊಸೇನೂ ನಾಕ್ ಜನ್ರಂಗೆ ಕೇಳಿಸ್ಕೊಳ್ಳೋದ್ ಬ್ಯಾಡ್ವಾ?"

ಹಿಡಿದೆ. ಕೈ ಹಿಡಿದ ಮೇಲೆ ಅವಳು ಬೇಡ ಅನ್ನೋದಾದರೂ ಹೇಗೆ? ಅವಳ ಕಣ್ಣು ನನ್ನ ಮುಖದ ಮೇಲೇ ನೆಟ್ಟಿತ್ತು. ಹೊಗೆಯಾಡುವ ಸೌಟು ಹತ್ತಿರ ಬಂತು. ಭಯಕ್ಕೆ ಅವಳ ಕೈ ಬಿಟ್ಟುಬಿಟ್ಟೆ.

ಅವಳು ಓಡಲಿಲ್ಲ. ಸೌಟು ತೋರಿಸಿದಳು, ಪಂಡಿತನ ಕಿವಿ ತೋರಿಸಿದಳು: ಮೊದಲು ನೀನೇ ಬಿಟ್ಟುಕೋ.

ಪಂಡಿತ ಸೌಟು ಕೆಳಗಿಟ್ಟು ತನ್ನೆರಡೂ ಕಿವಿ ಮುಚ್ಚಿಕೊಂಡ.