ಹೊಳೆಯಪ್ಪನ ಎತ್ತರದ ಗಾಲಿ

ನಮ್ಮೂರಿನಿಂದ ಅಣ್ಣಿಗೇರಿಗೆ ಬಾಡಿಗೆ ಜೀಪು ಹೊಡೆಯುವ ಹೊಳೆಯಪ್ಪನ ಮೇಲೆ ನನಗಿರುವ ಸಿಟ್ಟು ಇಂದು ನಿನ್ನೆಯದಲ್ಲ. ಜೀಪಿನ ಜೊತೆ ಬಂದ ಗಾಲಿ ಬಿಚ್ಚಿಸಿ, ಲಾರಿಗೆ ಒಪ್ಪುವಂಥ ಗಾಲಿ ತೊಡಿಸಿದ ಪುಣ್ಯಾತ್ಮ ಇವನು. ಅಂದಿನಿಂದ ಅದು ಜೀಪಲ್ಲ, ಒಂಟೆ. ಹತ್ತಬೇಕಾದರೆ ಗಂಡಸರು ಧೋತರದ ಮಾನ ಬಿಡಬೇಕು, ಹೆಂಗಸರು ಕಟ್ಟೆಯ ಬಾಜು ನಿಲ್ಲಿಸೆಂದು ಗೋಗರೆಯಬೇಕು. ಸಣ್ಣ ಗಾಲಿ ಹಾಕು ಎಂದರೆ, "ಎರಿ ಹೊಲದ ಹಾದಿರಿ ಇದು. ಮಳಿಗಾಲದಾಗ ಜೀಪಿನ ಹೊಟ್ಟಿ ಕೆಸರಿಗೆ ಹತ್ತತೈತಿ. ಆಮ್ಯಾಲೆ ನೂಕಾವ್ರು ಯಾರ್ರಿ?" ಎನ್ನುತ್ತಾನೆ. ಸುಡುಬೇಸಿಗೆಯಲ್ಲೂ ಇದೇ ಮಾತು, ಡಾಂಬರು ರಸ್ತೆಯ ಮೇಲೂ ಇದೇ ಮಾತು. ದಿನಾ ಆ ಗಾಲಿ ತೊಳೆಯುತ್ತಾನೆ, ಎತ್ತಿನ ಮೈ ತಡವಿದಂತೆ ತಡವುತ್ತಾನೆ, ಯಾರಾದರೂ ಅದರ ಮೇಲೆ ಕಾಲಿಟ್ಟು ಹತ್ತಿದರೆ ಮುಖ ಗಂಟು ಹಾಕುತ್ತಾನೆ. ಸೊಕ್ಕಿಗೂ ಒಂದು ಮಿತಿ ಬೇಡವೆ? ಮೊನ್ನೆ ಸಂತೆಯ ದಿನ ಮೊಣಕಾಲು ಹಿಡಿದ ದುಂಡವ್ವಜ್ಜಿ ಬರಿಗಾಲಲ್ಲಿ ಬಂದು ಜೀಪಿನ ಮುಂದೆ ನಿಂತಾಗ, ಇವನಿಗೆ ಉಗಿದೇ ಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೊಳೆಯಪ್ಪ ಇಳಿದು, ನೆಲಕ್ಕೆ ಕೈಯೂರಿ ಬೆನ್ನು ಕೊಟ್ಟ. ಮುದುಕಿಗೆ ಇದು ರೂಢಿಯೇ ಇದ್ದಂತಿತ್ತು. ಅವನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮೆಲ್ಲಗೆ ಕಾಲಿಟ್ಟು ಹತ್ತಿದಳು. "ಬೆನ್ನು ಬಗ್ಗಸೂ ಬದ್ಲಿ ಸಣ್ಣ ಗಾಲಿ ಹಾಕಬಾರ್ದೇನಲೇ?" ಎಂದೆ. "ಬೆನ್ನು ಒಂದ ಗಳಿಗಿ ಬಗ್ಗತೈತ್ರಿ. ಮಳಿಗಾಲದಾಗ ಜೀಪ ಸಿಕ್ಕಿಬಿದ್ರ ಈ ಆಯಿ ಮನೀತನಕ ಕೆಸರಾಗ ನಡೀಬೇಕು," ಎಂದು ಸ್ಟೇರಿಂಗ್ ಹಿಡಿದ. ಅವನ ಬಿಳಿ ಅಂಗಿಯ ಬೆನ್ನ ಮೇಲೆ ಎರೆಮಣ್ಣಿನ ಹೆಜ್ಜೆಯೊಂದು ಮೂಡಿತ್ತು. ಗಾಲಿಗೆ ಮಣ್ಣು ಹತ್ತಿದರೆ ತಾಳಲಾರದ ಆ ಸೊಕ್ಕಿನವ, ಅದನ್ನು ಸಂಜೆಯವರೆಗೂ ಝಾಡಿಸಲಿಲ್ಲ.